ಕಿವುಡು ಕ್ಯಾಮೆರಾ

ಮನುಷ್ಯನು ಮನೆ ಕಾಯಲೆಂದು ಮೊದಲು ನಾಯಿ ಸಾಕಿದ, ಆಮೇಲೆ ಕೀಲಿ ಕಂಡುಹಿಡಿದ, ಈಗ ಗೋಡೆಗೆ ಕಣ್ಣು ಹಚ್ಚುತ್ತಿದ್ದಾನೆ. ನಾಗರಿಕತೆಯ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ. ನಮ್ಮ ಮನೆಯ ಮಟ್ಟಿಗೆ ಈ ಚರಿತ್ರೆಗೆ ಇದ್ದ ತೊಡಕು ಒಂದೇ: ಕಾಯುವಂಥದ್ದು ಒಳಗೆ ಏನೂ ಇರಲಿಲ್ಲ.

ಇದ್ದದ್ದೆಲ್ಲ ಹೊರಗೇ ಇತ್ತು. ಯಲಬುರ್ಗಾದ ನಮ್ಮ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ. ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಅದರ ಕಾಯಂ ಸದಸ್ಯನಾದೆ. ಇನ್ನಿಬ್ಬರು ನನಗಿಂತ ಹಿರಿಯ ಸದಸ್ಯರು. ಒಬ್ಬ, ದನದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿ ಮುಪ್ಪಾದವ. ಇನ್ನೊಬ್ಬ, ಊರ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿ, ಈಗ ಅಂಗಡಿಯನ್ನು ಮಗನಿಗೆ ಬಿಟ್ಟು ಕುಳಿತ ಸಾಹೇಬ. ದಲಾಲಿಗೆ ಪ್ರತಿ ಮನೆಯ ಎತ್ತು ಗೊತ್ತು, ಸಾಹೇಬನಿಗೆ ಪ್ರತಿ ಮನೆಯ ಒಳಸುದ್ದಿ ಗೊತ್ತು, ನನಗೆ ಪ್ರತಿ ಮನೆಯ ಗಂಡಸು ಗಣಿತದಲ್ಲಿ ಎಷ್ಟು ಸಲ ಫೇಲಾದನೆಂಬುದು ಗೊತ್ತು. ಒಂದು ಕಟ್ಟೆ ನಡೆಸಲು ಇಷ್ಟು ವಿದ್ಯೆ ಧಾರಾಳವಾಯಿತು.

ಆ ದಿನಗಳಲ್ಲಿ ಕಟ್ಟೆಯ ಮುಖ್ಯ ವಿಷಯ ನಮ್ಮ ಬೀಗರು. ಮಗಳನ್ನು ಕೊಟ್ಟದ್ದು ಗಂಗಾವತಿ ಕಡೆಯ ಕಾಲುವೆ ಸೀಮೆಗೆ. ನಾವು ಎರೆಹೊಲದ ಜೋಳದವರು, ಅವರು ವರ್ಷವಿಡೀ ಕಾಲುವೆ ನೀರಿನ ಭತ್ತದವರು. ಅವರ ಹೊಸ ಮನೆಯ ಪ್ರವೇಶಕ್ಕೆ ನಾವು ಮೂವರೂ ಹೋಗಿದ್ದೆವು. ಊಟ ಭರ್ಜರಿಯಾಗಿತ್ತು. ಆದರೆ ಚಾ! ಆ ಚಾದ ಬಗ್ಗೆ ನಾವು ಹಿಂದಿರುಗಿದ ದಿನದಿಂದ ಮಾತಾಡುತ್ತಿದ್ದೆವು. ಮಾತು ಮುಗಿಯುವ ಲಕ್ಷಣ ಇರಲಿಲ್ಲ.

ಹೀಗಿರುವಾಗ ಎರಡು ಸಂಗತಿಗಳು ಕೂಡಿ ಬಂದವು. ಹಿಂದಿನ ಓಣಿಯ ಒಂದು ಮನೆಯ ಪಡಸಾಲೆಯಿಂದ ಗ್ಯಾಸ್ ಸಿಲಿಂಡರ್ ಕಳುವಾಯಿತು. ಮಗಳಿಗೆ ಎರಡನೆಯ ಹೆರಿಗೆಯ ದಿನ ಹತ್ತಿರವಾಯಿತು. ಮೊದಲನೆಯದು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬುದು ಪದ್ಧತಿ. ಆದ್ದರಿಂದ ಬಾಣಂತನಕ್ಕೆ ಹೆಂಡತಿಯೇ ಗಂಗಾವತಿಗೆ ಹೊರಡಬೇಕಾಯಿತು.

"ಒಂದು ಕ್ಯಾಮೆರಾ ತರ್ರಿ," ಎಂದಳು. "ವಾಯರ್ ಇಲ್ಲದ್ದು ಬರ್ತಾವಂತ. ನಾ ಅಲ್ಲೇ ಕುಂತು ಫೋನಿನ್ಯಾಗ ನೋಡ್ಕೋತೀನಿ."

"ಏನು ನೋಡ್ತಿ?"

"ಮನಿ," ಎಂದಳು, ನನ್ನನ್ನೇ ನೋಡುತ್ತ. "ಬರೇ ನೋಡೂದಲ್ಲ, ಮಾತೂ ಕೇಳಸ್ತಾವಂತ, ಅಲ್ಲಿಂದ ನಾವೂ ಮಾತಾಡಬಹುದಂತ. ಬೀಗಿತ್ತಿ ಫೋನ್ ದೊಡ್ಡದೈತಿ, ಅದರಾಗ ಹಾಕಿದ್ರ ಎಲ್ಲಾರೂ ಕೂಡೇ ನೋಡಬಹುದು."

ಎಲ್ಲರೂ ಕೂಡಿ! ಬೀಗರ ಪಡಸಾಲೆಯ ನಡುವೆ ಫೋನು, ಸುತ್ತಲೂ ಅವರ ಬಳಗ, ಫೋನಿನಿಂದ ಅವರ ಚಾದ ಮೇಲೆ ನಮ್ಮ ವಿಮರ್ಶೆ. ಒಂದೋ ಸಂಬಂಧ ಕೆಡಬೇಕು, ಇಲ್ಲವೇ ಕಟ್ಟೆ ಬಾಯಿ ಮುಚ್ಚಬೇಕು. ಮಾತಿಲ್ಲದ ಕಟ್ಟೆ ಎಂದರೆ ಬರೀ ಕಲ್ಲು. ಆ ಸಂಜೆಯೇ ತುರ್ತು ಸಭೆ ನಡೆಯಿತು.

"ಕಣ್ಣಿದ್ರ ಇರ್ಲಿ ಮಾಸ್ತರ," ಎಂದ ದಲಾಲಿ. "ಕುಂತಿದ್ದು ಕಂಡ್ರ ಏನಾತು? ಕಿವಿ ಇರಬಾರ್ದು. ಕಿವುಡಂಥಾದ್ದು ನೋಡೂಣು. ಆರಿಸೂದು ನನಗ ಬಿಡ್ರಿ."

ಸಾಹೇಬನನ್ನು ಕಟ್ಟೆಗೆ ಕಾವಲು ಬಿಟ್ಟು ನಾವಿಬ್ಬರೂ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋದೆವು. ಅಲ್ಲೇ ಜೋಡಿಸಿಕೊಡುತ್ತಾರೆಂದು ಹೆಂಡತಿ ತನ್ನ ಫೋನನ್ನೂ ಬೀಗಿತ್ತಿಯ ನಂಬರನ್ನೂ ಕೊಟ್ಟು ಕಳಿಸಿದ್ದಳು.

ಅಂಗಡಿಯ ಯಜಮಾನ ಗಾಜಿನ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. ದಲಾಲಿ ಒಂದನ್ನು ಎತ್ತಿ, ತಿರುವಿ, ಹೊಟ್ಟೆ ತಟ್ಟಿ ನೋಡಿದ.

"ಮೇವು ಏನು?"

ಯಜಮಾನ ನನ್ನ ಮುಖ ನೋಡಿದ. "ಬ್ಯಾಟರಿ ಕೇಳಾಕತ್ಯಾರ," ಎಂದು ವಿವರಿಸಿದೆ.

"ಹಾಂ! ಒಮ್ಮೆ ಚಾರ್ಜ್ ಮಾಡಿದ್ರ ಭಾಳ ದಿನ ಬರ್ತೈತ್ರಿ. ಮನ್ಯಾಗ ವೈ-ಫೈ ಇದ್ರ ಸಾಕು. ಇದು ನೋಡ್ರಿ, ಕತ್ತು ತಿರುಗಿಸ್ತೈತಿ. ಮನಷಾ ಎಲ್ಲಿ ಹೋದ್ರೂ ಬೆನ್ನು ಹತ್ತಿ ನೋಡ್ತೈತಿ."

"ಕತ್ತು ಹೊಳ್ಳಸೂ ದನ ಮನಿಗೆ ಆಗೂದಿಲ್ಲ. ತಗೀರಿ," ಎಂದ ದಲಾಲಿ. "ಇದು? ಇದರ ಕಿವಿ ಹೆಂಗದಾವ?"

"ಕಿವಿ ಭಾಳ ಚುರುಕ್ರಿ ಅಜ್ಜಾರ. ಬಾಗಲಾಗ ಪಿಸುಗುಟ್ಟಿದ್ರೂ ಕೇಳ್ತೈತಿ."

ಕೆಟ್ಟ ಸುಳಿ ಇದ್ದ ಎತ್ತನ್ನು ಸರಿಸಿದಂತೆ ದಲಾಲಿ ಅದನ್ನು ಎರಡು ಬೆರಳಿನಿಂದ ಆಚೆ ಸರಿಸಿದ. ಹೀಗೆ ಒಂದೊಂದೂ ತನ್ನ ಗುಣಗಳಿಂದಲೇ ತಿರಸ್ಕೃತವಾಗುತ್ತ ಹೋಯಿತು. ಕೊನೆಗೆ ಯಜಮಾನನ ತಾಳ್ಮೆ ತೀರಿತು.

"ಎಲ್ಲಾರೂ ಛಲೋ ಕೇಳಸ್ತೈತೇನು ಅಂತ ಕೇಳ್ತಾರ. ನೀವು ಕಿವುಡು ಬೇಡತೀರಲ್ರಿ ಸರ!"

"ಕೇಳಿಸಿಕೊಳ್ಳಾವ್ರು ಮನ್ಯಾಗ ಈಗಾಗಲೇ ಅದಾರ," ಎಂದೆ.

ಆತ ಮದುವೆಯಾದವನಿರಬೇಕು; ಕೂಡಲೇ ತಿಳಿದುಕೊಂಡ. ಒಂದು ಸಣ್ಣ, ಬಿಳಿಯ, ಸಾಧು ಮುಖದ ಕ್ಯಾಮೆರಾ ತೆಗೆದು ಫೋನಿಗೆ ಜೋಡಿಸಿದ, ಬೀಗಿತ್ತಿಯ ನಂಬರನ್ನೂ ಸೇರಿಸಿದ, ಒಂದು ಕಡೆ ಒತ್ತಿದ. "ಕಿವಿ ಬಂದ್ ಮಾಡೀನ್ರಿ. ಇನ್ನ ಬಾಗಲಾಗ ಡೊಳ್ಳು ಬಾರಿಸಿದ್ರೂ ಕೇಳೂದಿಲ್ಲ." ದಲಾಲಿ ಸಂತೋಷದಿಂದ ಹೆಗಲ ಮೇಲಿನ ಟವೆಲನ್ನು ತನ್ನ ಕೈಮೇಲೆ ಹಾಸಿ, ಅದರ ಕೆಳಗೆ ಯಜಮಾನನ ಕೈ ಹಿಡಿದು ಸಂತೆಯ ರಿವಾಜಿನಂತೆ ಬೆರಳು ಒತ್ತಿ ದರ ಮಾತಾಡತೊಡಗಿದ. ಯಜಮಾನ ಬೆದರಿ ಕೈ ಬಿಡಿಸಿಕೊಂಡು ಗೋಡೆಯ ಬೋರ್ಡು ತೋರಿಸಿದ: ಒಂದೇ ದರ.

ಮನೆಗೆ ತಂದು ಬಾಗಿಲ ಮೇಲೆ ಕೂರಿಸಿದೆವು. ಹೆಂಡತಿ ಫೋನಿನಲ್ಲಿ ನೋಡಿದಳು. ಕಟ್ಟೆ, ಓಣಿ, ಎದುರಿನ ಮನೆಯ ಮೇಕೆ ಎಲ್ಲ ಕಂಡವು. ಒಪ್ಪಿದಳು. ಆಮೇಲೆ ಪೂಜೆಗೆ ನಿಂತಳು. ನಮ್ಮ ಮನೆಗೆ ಬಂದ ಯಾವ ಯಂತ್ರವೂ, ಫ್ರಿಜ್ಜಿನಿಂದ ಮಿಕ್ಸರಿನವರೆಗೆ, ಪೂಜೆಯಿಲ್ಲದೆ ಕೆಲಸಕ್ಕೆ ಹತ್ತಿದ್ದಿಲ್ಲ. ಸ್ಟೂಲು ಹತ್ತಿ ವಿಭೂತಿ ಹಚ್ಚಲು ಹಣೆ ಹುಡುಕಿದಳು. ಆ ಕ್ಯಾಮೆರಾಕ್ಕೆ ಹಣೆಯೂ ಕಣ್ಣೂ ಒಂದೇ. ಮೂರು ಬೆರಳಿನ ದಪ್ಪನೆಯ ವಿಭೂತಿ ಗಾಜಿನ ಮೇಲೆ ಅಡ್ಡಡ್ಡ ಬಿತ್ತು. ಅದರ ಮುಂದೆ ಕರಿ ದಾರದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಇಳಿಬಿಟ್ಟಳು.

"ಹೋಗೂ ಬರೂ ಮಂದಿ ಕಣ್ಣೆಲ್ಲ ಇದರ ಮ್ಯಾಲೆ ಬೀಳ್ತೈತಿ. ಅಮಾಸಿ ತನಕ ಮುಟ್ಟಬ್ಯಾಡ್ರಿ."

ನಾವು ಮೂವರೂ ಕೈ ಮುಗಿದೆವು. ನನ್ನ ಜೀವಮಾನದಲ್ಲಿ ಅಷ್ಟು ಭಕ್ತಿಯಿಂದ ಕೈ ಮುಗಿದದ್ದು ಕಡಿಮೆ. ಕಿವಿ ಕೊಪ್ಪಳದಲ್ಲೇ ಮುಚ್ಚಿತ್ತು, ಈಗ ಕಣ್ಣೂ ಮುಚ್ಚಿತು. ಮರುದಿನ ಹೆಂಡತಿ ಗಂಗಾವತಿ ಬಸ್ಸು ಹತ್ತಿದಳು. ಕಟ್ಟೆ ತನ್ನ ಪೂರ್ವವೈಭವಕ್ಕೆ ಮರಳಿತು.

ಆಕೆ ತಲುಪಿದ ದಿನದಿಂದ ನನಗೆ ಫೋನು ಬರತೊಡಗಿತು.

"ಯಾರ್ ಬಂದಾರ್ರಿ ಮನಿಗೆ?"

"ಯಾರೂ ಇಲ್ಲ."

"ಬಂದಾರ, ಬಂದಾರ ಅಂತ ಫೋನ್ ಬಡ್ಕೊಳ್ಳಾಕತ್ತೈತಿ. ತಗದು ನೋಡಿದ್ರ ಮಂಜಿನ್ಯಾಗ ಏನೋ ದುಂಡಗ ತೂಗ್ಯಾಡ್ತೈತಿ."

"ನಿಂಬಿಹಣ್ಣು. ತಗೀಲೇನು?"

"ಛೀ! ಮುಟ್ಟಬ್ಯಾಡ್ರಿ."

ನಮ್ಮೂರಿನ ಬಯಲುಗಾಳಿಗೆ ನಿಂಬೆಹಣ್ಣು ತೂಗಾಡಿದಾಗಲೆಲ್ಲ ಕ್ಯಾಮೆರಾ ಅದನ್ನು ಅತಿಥಿಯೆಂದು ತಿಳಿದು ಗಂಗಾವತಿಗೆ ವರದಿ ಒಪ್ಪಿಸುತ್ತಿತ್ತು. ಮಗಳು ಹೆಣ್ಣುಮಗು ಹೆತ್ತ ಸುದ್ದಿ ಬಂತು. ಆಮೇಲೆ ಫೋನು ಬರುವುದು ನಿಂತಿತು. ಬೇಸತ್ತು ಬಿಟ್ಟಿರಬೇಕೆಂದು ನಾವು ತಿಳಿದೆವು.

ಒಂದು ಮಧ್ಯಾಹ್ನ ಸಾಹೇಬನ ಮನೆಯಿಂದ ಬಂದ ಚಾ ಬಹಳ ಚೆನ್ನಾಗಿತ್ತು. ಒಳ್ಳೆಯ ಚಾ ಕುಡಿದಾಗ ಕೆಟ್ಟ ಚಾ ನೆನಪಾಗುವುದು ಸಹಜ.

"ಬೀಗರ ಮನಿ ಚಾದಾಗ ಹಾಲು ಹುಡುಕೂದಂದ್ರ," ಎಂದ ದಲಾಲಿ, "ಬ್ಯಾಸಿಗ್ಯಾಗ ನಮ್ಮ ಹಳ್ಳದಾಗ ನೀರು ಹುಡುಕಿದಂಗ."

"ಹಂಗನಬ್ಯಾಡೋ," ಎಂದ ಸಾಹೇಬ. "ಹಾಲಿನ ಪಾಕೀಟು ಒಲಿ ಮುಂದ ಹಾಯ್ದು ಹೋದದ್ದು ನಾನು ಕಣ್ಣಾರೆ ಕಂಡೀನಿ."

ನಾನು ವಿದ್ಯಾವಂತ, ಮಾತಿಗೆ ಮುಕ್ತಾಯ ಕೊಡುವ ಹೊಣೆ ನನ್ನದು. "ನೀರಾವರಿ ಮಂದಿ ನೋಡ್ರಿ," ಎಂದೆ. "ಹೊಲಕ್ಕ ಬಿಟ್ಟಂಗ ಚಾಕ್ಕೂ ನೀರು ಬಿಡ್ತಾರ."

ಆಗ ನಮ್ಮ ತಲೆಯ ಮೇಲಿನಿಂದ, ನಿಂಬೆಹಣ್ಣಿನ ಹಿಂದಿನಿಂದ, ಧ್ವನಿಯೊಂದು ಕೇಳಿಸಿತು.

"ಹಂಗಿದ್ರ ಎರಡನೇ ಕಪ್ ಯಾಕ ಕೇಳಿ ಕುಡದ್ರಿ, ಬೀಗರ?"

ಸಾಹೇಬ ಆಕಾಶ ನೋಡಿದ. ದಲಾಲಿ ಎದ್ದು ನಿಂತು ತಲೆಯ ಟವೆಲು ತೆಗೆದ. ನಾನು ನಿಂಬೆಹಣ್ಣಿಗೆ ಕೈ ಮುಗಿದೆ.

"ಅಕ್ಕಾರ... ಆರಾಮದೀರಿ?" ಎಂದು ಬೀಗಿತ್ತಿಯನ್ನು ಕೇಳಿದೆ.

"ಆರಾಮದೀನ್ರಿ. ಕಣ್ಣಿಗೆ ನಿಂಬಿಹಣ್ಣು ಬಿಟ್ರ ಏನೂ ಕಾಣವಲ್ದು, ಯಾರ್ ಬಂದಾರ ಅಂತ ಕಿವಿಯಿಂದರ ಕೇಳೂಣು ಅಂತ ಅದನ್ನ ಚಾಲೂ ಮಾಡಿದ್ವಿ. ಆ ದಲಾಲಿ ಅಣ್ಣಾರಿಗೆ ಹೇಳ್ರಿ: ನಿಮ್ಮೂರ ಕಟಿರೊಟ್ಟಿ ಕಡದು ನಮ್ಮನಿಯವರ ಹಲ್ಲು ಅಳ್ಳಾಡಿತ್ತು. ನಾವು ಅಂದೀವೇನು?" ಆಮೇಲೆ ತಾವೇ ಸೇರಿಸಿದರು: "ಅಂದೀವಿ. ಕ್ಯಾಮೆರಾ ಮುಂದ ಅಂದಿಲ್ಲ."

"ನಾನೂ ಇಲ್ಲೇ ಅದೀನಿ," ಎಂದು ಹಿಂದಿನಿಂದ ನನ್ನ ಹೆಂಡತಿಯ ಧ್ವನಿ ಬಂತು. ದಲಾಲಿಗೂ ಸಾಹೇಬನಿಗೂ ಒಮ್ಮೆಲೇ ಮನೆಗೆಲಸ ನೆನಪಾಯಿತು.

ಮರುದಿನ ನಾವು ಮೂವರೂ ಶೋಕಸಭೆಗೆ ಬಂದವರಂತೆ ಕುಳಿತಿದ್ದೆವು. ಚಾ ಆರಿತು. ಎದುರಿನ ಮನೆಯ ಮೇಕೆ ಕೂಡ ಅನುಮಾನದಿಂದ ನೋಡಿತು. ಬಹಳ ಹೊತ್ತಿನ ಮೇಲೆ ನಿಂಬೆಹಣ್ಣು ಮಾತಾಡಿತು.

"ಯಾಕ ಸುಮ್ಮ ಕುಂತೀರಿ? ಆ ಕುಷ್ಟಗಿ ವರ ಮಂಟಪದಾಗ ಸಿಟ್ಟಾಗಿ ಎದ್ದ ಕತಿ ಮೊನ್ನೆ ಅರ್ಧಕ್ಕ ಬಿಟ್ರಿ. ಹೊಳ್ಳಿ ಬಂದು ಕುಂತನೋ, ಹೋಗೇ ಬಿಟ್ಟನೋ? ಇಲ್ಲಿ ಬಾಣಂತಿ ಸಹಿತ ಕೇಳಾಕತ್ಯಾಳ."

ಸಾಹೇಬ ಗಂಟಲು ಸರಿಮಾಡಿಕೊಂಡು ಸ್ವಲ್ಪ ಮೇಲಕ್ಕೆ ಮುಖ ಮಾಡಿ ಕುಳಿತ. "ಬಂದು ಕುಂತನ್ರೆವ್ವಾ," ಎಂದ. "ಆದ್ರ ಯಾಕ ಕುಂತ ಅನ್ನೂದು ಐತೆಲ್ಲ, ಅದು ಬ್ಯಾರೇನ ಕತಿ."

ಅಮಾವಾಸ್ಯೆಗೆ ನಿಂಬೆಹಣ್ಣು ಬದಲಾಯಿತು. ಕ್ಯಾಮೆರಾ ಅಲ್ಲೇ ಇದೆ. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ನಾವು ಮೂವರೂ ಗಂಗಾವತಿಗೆ ಹೋದೆವು. ಬೀಗಿತ್ತಿ ಎಲ್ಲರಿಗೂ ಚಾ ಕೊಟ್ಟರು. ನಮಗೆ ಮೂವರಿಗೆ ಬಿಸಿ ಹಾಲು ಕೊಟ್ಟರು.