ಕಣ ಬಳಸಿ ಹೋದ ಗೆರೆ

ಕಾಗಿನೆಲೆಯ ಜಟ್ಟೆಪ್ಪನಿಗೆ ಹೊಲಕ್ಕಿಂತ ಕಣದ ಮೇಲೆ ಹೆಚ್ಚು ಜೀವ. ಹೆಂಡತಿ ಗುತ್ತೆವ್ವನ ಜೊತೆ ವರ್ಷಾ ವರ್ಷಾ ಮಣ್ಣು ಹೊತ್ತು ಹಾಕಿ, ಬಡಿದು, ಸೆಗಣಿ ಸಾರಿಸಿ ಅದನ್ನು ಮೊಣಕಾಲೆತ್ತರ ಏರಿಸಿದ್ದ. ಮೆಣಸಿನಕಾಯಿ ಒಣಹಾಕಿದಾಗ ಅಕಾಲದ ಮಳೆ ಬಂದರೂ ತಳಕ್ಕೆ ನೀರು ನುಗ್ಗುತ್ತಿರಲಿಲ್ಲ. ಅದರ ಮೇಲೆ ಚಪ್ಪಲಿ ಕಾಲಿಟ್ಟರೆ ಬೀಗರನ್ನೂ ಬಿಟ್ಟವನಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ, ಮಣ್ಣು ಕೊಚ್ಚಿಹೋಗದಂತೆ ಒಡ್ಡು ಹಾಕಿಸಲು ಸರ್ವೇಯರ್ ಬಾಬಾಜಾನ ಬಂದರು. ಅವರು ದೂರದ ಬದುವಿನ ಮೇಲೆ ಮೂರು ಕಾಲಿನ ದುರ್ಬೀನು ಹೂಡಿ ನಿಂತರೆ, ಅವರ ಆಳು ಅಂದಾನೆಪ್ಪ ಅಂಕಿ ಬರೆದ ಕೋಲು ಹಿಡಿದು ಹೊಲದ ತುಂಬ ಅಡ್ಡಾಡಿದ. ಬೂಟುಗಾಲಲ್ಲೇ ಕಣ ಏರಹೋದಾಗ ಜಟ್ಟೆಪ್ಪ ಕುಡುಗೋಲು ಹಿಡಿದೇ ಓಡಿಬಂದ.

"ಇಳೀಲೇ! ಉಣ್ಣೋ ಮಾಲು ಒಣಗಿಸೋ ಜಾಗಾ ಅದು!"

ಅಂದಾನೆಪ್ಪ ಕಣ ಬಿಟ್ಟು ಮುಂದಕ್ಕೆ ಹೋದ.

ವಾರದ ಮೇಲೆ ಬಾಬಾಜಾನ ನಕ್ಷೆ ತಂದು ಚಕ್ಕಡಿಯ ಮೇಲೆ ಹಾಸಿದರು. ಒಡ್ಡಿನ ಗೆರೆ ಕಣದ ನಟ್ಟನಡುವೆ ಹಾದಿತ್ತು. ಕಣ ಹೋದರೆ ಕಾಯಿ ಎಲ್ಲಿ ಒಣಗಿಸುವುದು?

"ಅಲ್ರೀ ಸಾಹೇಬ್ರ, ಕಣದ ಮ್ಯಾಲೆ ಯಾರೂ ಕೋಲು ಹಿಡದಿಲ್ಲ. ಗೆರಿ ಹೆಂಗ ಬಂತು?"

"ಒಡ್ಡು ತೊಂಬತ್ತೊಂಬತ್ತು ಮೀಟರ್ ಎತ್ತರದ ಜಾಗಾ ಹಿಡದ ಹೋಗಬೇಕು. ಮ್ಯಾಲೆ ಬೇವಿನ ಗಿಡದ ಹತ್ರ ನೆಲದ ಎತ್ತರ ನೂರು ಮೀಟರ್, ಕೆಳಗ ಬೇಲಿ ಹತ್ರ ತೊಂಬತ್ತೆಂಟು. ಇಳಿಜಾರು ಒಂದೇ ಸಮ ಐತಿ ಅಂತ ಹಿಡದ್ರ ತೊಂಬತ್ತೊಂಬತ್ತು ನಡುವ ಬರಬೇಕಲ್ಲ ಯಜಮಾನ್ರ?"

"ನೋಡಲಾರದ್ದು ಹೇಳಾಕ ನೀವೇನು ದೇವರಗುಡ್ಡದ ಕಾರ್ಣಿಕದ ಗೊರವಯ್ಯೇನ್ರೀ?"

"ನೋಡಾಕ ಬಿಟ್ಟೋರು ಯಾರು?" ಅಂದಾನೆಪ್ಪ ಗೊಣಗಿದ. ಗುತ್ತೆವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಜಟ್ಟೆಪ್ಪ ಸಿಟ್ಟಿನಲ್ಲಿ ಕೋಲು ಕಸಿದುಕೊಂಡು ತಾನೇ ಬರಿಗಾಲಲ್ಲಿ ಕಣ ಏರಿದ. ದುರ್ಬೀನು ಮತ್ತೆ ಹೂಡಿದರು. ತೊಂಬತ್ತೊಂಬತ್ತೂವರೆ ಬಂತು; ಕಣ ಅಂದಾಜಿಗಿಂತ ಅರ್ಧ ಮೀಟರ್ ಎತ್ತರವಿತ್ತು. ಬಾಬಾಜಾನ ಹಳೆಯ ಗೆರೆ ಅಳಿಸಿ, ಕಣದ ಕೆಳಮಗ್ಗುಲಿಗೆ ಬಳಸಿ ಹೊಸದು ಎಳೆದರು.

"ಕಣಾನೂ ಸರಿದಿಲ್ಲ, ಹೊಲಾನೂ ಸರಿದಿಲ್ಲ. ಗೆರಿ ಯಾಕ ಸರೀತು?" ಜಟ್ಟೆಪ್ಪನ ತಲೆ ಗಿರ್ರೆಂದಿತು. "ಈಗರ ಇದು ಖರೇ ಗೆರಿ ಹೌದಲ್ರೀ?"

"ನೀವು ಕೋಲು ಹಿಡದ ಜಾಗಾ ಖರೇ. ಉಳಿದದ್ದು ಅಂದಾಜು."

ಅಂದಾಜು! ಜಟ್ಟೆಪ್ಪ ಹೌಹಾರಿದ. "ಏ ಅಂದಾನೆಪ್ಪಾ, ಬೂಟು ಕಳಿ! ಕಣದ ನಾಕೂ ಮೂಲಿಗೆ ಕೋಲು ಹಿಡಿ!"

ಹಿಡಿದರು. ಗೆರೆ ಕಣದ ಹೊರಗೇ ನಿಂತಿತು. ಹೊಲದಲ್ಲಿ ಆ ಗೆರೆಯ ಗುಂಟ ಸುಣ್ಣದ ಪುಡಿ ಬಿತ್ತು. ಅವರು ಹೋದ ಮೇಲೂ ಜಟ್ಟೆಪ್ಪ ಸುಣ್ಣದ ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ.

"ಈ ತುದಿಯಿಂದ ಆ ತುದಿಮಟ ಒಂದೇ ಎತ್ತರಂತ. ನನಗ್ಯಾಕ ಆ ಕಡೆ ಏರು ಕಾಣತೈತಿ?"

"ಕುತ್ತಿಗಿ ನೆಟ್ಟಗ ಮಾಡ್ಕೊಂಡು ನೋಡ್ರಿ," ಎಂದಳು ಗುತ್ತೆವ್ವ, ಕಣ ಗುಡಿಸುತ್ತ.

ನೆಟ್ಟಗೆ ಮಾಡಿಕೊಂಡ. ಈಗ ಈ ಕಡೆ ಏರು ಕಂಡಿತು.