ಕೇರಿಯ ಕೊನೆಯ ನಲ್ಲಿ

ಕೆಂಚಮ್ಮನವರೇ, ಅಂದು ನೀವು ಹೇಳಿದ್ದು ನಿಜ. ಸುಳ್ಳು ಹೇಳಿದವನು ನಾನು. ನಿಮ್ಮ ಕೇರಿಯ ನಲ್ಲಿ ಹೋದದ್ದು ನಿಮ್ಮಿಂದಲ್ಲ, ನನ್ನಿಂದ — ಇಷ್ಟು ಹೇಳುವುದಕ್ಕೆ ಹತ್ತು ವರ್ಷಕ್ಕೂ ಮೀರಿ ಬೇಕಾಯಿತು. ಅದನ್ನೂ ಓದಲು ಬಾರದ ನಿಮಗೆ ಬರೆದು ಹೇಳುತ್ತಿದ್ದೇನೆ. ನನ್ನ ಧೈರ್ಯ ಅಷ್ಟೇ.

ಹಾಸನದಿಂದ ಅರಕಲಗೂಡು ಕಡೆಯ ನಿಮ್ಮ ಊರಿಗೆ ನಾನು ಓವರ್‌ಸಿಯರ್ ಆಗಿ ಬಂದಾಗ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಳೆಯ ನೀರನ್ನು ದಿಬ್ಬದ ಮೇಲಿನ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಪೈಪಿನಲ್ಲಿ ಬೀದಿಬೀದಿಗೆ ಬಿಡುವ ಕೆಲಸ. ಕೊನೆಯ ನಲ್ಲಿ, ಊರಿನ ಬೀದಿಗಳಿಗಿಂತ ಎತ್ತರದಲ್ಲಿರುವ ನಿಮ್ಮ ಕೇರಿಯದು. ಅಲ್ಲಿಯವರೆಗೆ ನಿಮ್ಮವರು ಊರಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಂತು, ಮನಸ್ಸು ಬಂದವರು ಸೇದಿ ಹುಯ್ಯುವವರೆಗೆ ಕಾಯಬೇಕಿತ್ತು. ಇನ್ನು ಆ ಕಾಯುವ ಕೆಲಸವಿಲ್ಲ ಎಂದು ನಿಮಗೆ ಹೇಳಿದವನೂ ನಾನೇ. ಜಂಬದಿಂದಲೇ ಹೇಳಿದ್ದೆ.

ಲೆಕ್ಕ ಕಷ್ಟದ್ದಲ್ಲ. ಟ್ಯಾಂಕು ಎಷ್ಟು ಎತ್ತರದಲ್ಲಿದೆ, ನಲ್ಲಿ ಎಷ್ಟು ಎತ್ತರದಲ್ಲಿದೆ — ಕಳೆಯಬೇಕು. ಪೈಪಿನೊಳಗೆ ಉಜ್ಜಿಕೊಂಡು ಹರಿಯುವಾಗ ನೀರು ಕಳೆದುಕೊಳ್ಳುವ ಒತ್ತಡವನ್ನೂ ಕಳೆಯಬೇಕು. ಉಳಿದದ್ದು ನಲ್ಲಿಗೆ ಸಿಗುವ ಒತ್ತಡ. ದಪ್ಪ ಪೈಪಿಗೆ ಲೆಕ್ಕ ಹಾಕಿದ್ದೆ, ಸರಿಯಾಗಿ ಬಂದಿತ್ತು. ಆಮೇಲೆ ಪೇಟೆಬೀದಿಯ ದೊಡ್ಡವರಿಗೆ ಮನೆಯೊಳಗೇ ನಲ್ಲಿ ಬೇಕೆನಿಸಿತು, ದಪ್ಪ ಪೈಪು ಅಲ್ಲಿಗೆ ಹೋಯಿತು. ನಿಮ್ಮ ಕೇರಿಗೆ ಅದರ ಅರ್ಧ ಅಗಲದ ಪೈಪು ಹಾಕಿಸಿದೆ. ಅಗಲ ಅರ್ಧವಾದರೆ, ಅಷ್ಟೇ ನೀರು ಕಳಿಸಲು, ಕಳೆದುಹೋಗುವ ಒತ್ತಡ ಎರಡರಷ್ಟಲ್ಲ — ಮೂವತ್ತು ಪಟ್ಟಿಗೂ ಮಿಗಿಲು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದವನು ನಾನು. ಮತ್ತೆ ಲೆಕ್ಕ ಹಾಕಲಿಲ್ಲ. ಮರೆತೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಕೇರಿಗೆ ತಾನೆ, ನಾಲ್ಕು ಕೊಡ ಬಂದರೆ ಸಾಕು — ಎಂದುಕೊಂಡಿದ್ದೆ.

ನಲ್ಲಿ ಬಿಡುವ ದಿನ ನೀವು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ದಾಸವಾಳ ಮುಡಿಸಿದ್ದಿರಿ. ಬಂದ ಗಣ್ಯರ ಮುಂದೆ ನೀರು ರಭಸವಾಗಿ ಬೀಳಲಿ ಎಂದು ಕೆಳಗಿನ ಬೀದಿಗಳ ನಲ್ಲಿಗಳನ್ನೆಲ್ಲ ಮುಚ್ಚಿಸಿಟ್ಟಿದ್ದೆ. ಬಿತ್ತು. "ಬಂದ್ಲು ಕಣ್ರವ್ವಾ, ಗಂಗವ್ವ ಬಂದ್ಲು!" ಎಂದು ಕೂಗಿ ಮೊದಲ ಬೊಗಸೆಯನ್ನು ಕಣ್ಣಿಗೊತ್ತಿಕೊಂಡಿರಿ. ನಲ್ಲಿ ನೋಡಿಕೊಳ್ಳುವ ಜವಾಬ್ದಾರಿಯನ್ನು ಅಲ್ಲೇ, ಎಲ್ಲರ ಮುಂದೆ ನಿಮಗೆ ಒಪ್ಪಿಸಿದೆ.

ಮಾರನೆಯ ಬೆಳಿಗ್ಗೆ ಕೆಳಗಿನ ಬೀದಿಯವರೆಲ್ಲ ನಲ್ಲಿ ತಿರುಗಿಸಿದರು. ನೀವು ಓಡಿ ಬಂದಿರಿ. "ಉಸ್ ಅಂತದೆ ಸಾ, ಬರೀ ಗಾಳಿ. ನೀರು ಬರಾಕಿಲ್ಲ."

ಅಂದೇ ಲೆಕ್ಕ ಹಾಕಿದೆ. ಕಾಲು ಗಂಟೆಯೂ ಬೇಕಾಗಲಿಲ್ಲ. ಕೆಳಗಿನವರು ನೀರು ಹಿಡಿಯುತ್ತಿರುವಾಗ ಆ ಸಣ್ಣ ಪೈಪಿನಲ್ಲಿ ನೀರು ನಿಮ್ಮ ಕೇರಿಗೆ ಏರುವುದು ಸಾಧ್ಯವೇ ಇರಲಿಲ್ಲ. ಪೈಪು ಕೀಳಿಸಿ ದಪ್ಪದ್ದು ಹಾಕಿಸಬೇಕಿತ್ತು. ಅದಕ್ಕೆ ನನ್ನ ಮೇಲಿನ ಇಂಜಿನಿಯರ್ ಸಾಹೇಬರ ಮುಂದೆ ನಿಂತು ತಪ್ಪಾಯಿತು ಅನ್ನಬೇಕಿತ್ತು. ಕೆಲಸ ಕಾಯಂ ಆಗಲಿ, ಆಮೇಲೆ... ಎಂದುಕೊಂಡು ನಿಮಗೆ ಹೇಳಿದೆ: "ನಲ್ಲಿ ಬಿಟ್ಟಿರು, ಕೊಡ ಇಟ್ಟು ಹೋಗು. ಕೆಳಗಿನವರದು ಮುಗಿದ ಮೇಲೆ ತಾನೇ ಬರುತ್ತೆ."

ನೀವು ನಂಬಿದಿರಿ. ಕೇರಿಯೆಲ್ಲ ನಂಬಿತು. ಕೊಡ ಇಟ್ಟು ಕೂಲಿಗೆ ಹೋಗುವುದು, ಮಧ್ಯಾಹ್ನ ಯಾರೂ ಇಲ್ಲದಾಗ ನೀರು ಬರುವುದು, ಒಂದು ಕೊಡ ತುಂಬಿ ಉಳಿದದ್ದೆಲ್ಲ ಮಣ್ಣು ಸೇರುವುದು — ದಿನವೂ ಇದೇ ಆಯಿತು.

ಒಂದು ಕೊಡ ನೀರು ಸಾಲದೆ ಕೇರಿಯವರು ದೂರು ಕೊಟ್ಟರು; ಅಂಥ ಒಂದು ಮಧ್ಯಾಹ್ನವೇ ಸಾಹೇಬರು ತನಿಖೆಗೆ ಬಂದರು. ಬಿಟ್ಟ ನಲ್ಲಿ, ತುಂಬಿ ಹರಿಯುವ ಕೊಡ, ಕಾಲಿಗೆ ಮೆತ್ತುವ ಕೆಸರು. ನೀರು ಬರುವುದಿಲ್ಲ ಎಂದು ದೂರು ಕೊಟ್ಟವರು ಇವರೇ ಏನು, ಎಂದು ನನ್ನತ್ತ ತಿರುಗಿದರು. ಆಗ ನಾನು ಬಾಯಿ ಬಿಟ್ಟೆ.

"ಹೌದು ಸಾರ್. ಎಷ್ಟು ಹೇಳಿದರೂ ನಲ್ಲಿ ಮುಚ್ಚಲ್ಲ."

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನೀವು ಅದೇ ಹೊತ್ತಿಗೆ ಬಂದು ನಿಂತಿದ್ದಿರಿ. ಹಿಂದೆ ಕೂಲಿಯಿಂದ ಬರುತ್ತಿದ್ದ ಹೆಂಗಸರು. ಹೊರೆ ಇಳಿಸುವುದನ್ನೂ ಮರೆತು ಕೇಳಿದಿರಿ: "ಬಿಟ್ಟಿರು ಅಂತ ನೀವೇ ಯೋಳಿದ್ರಲ್ಲ ಸಾ?"

"ಸುಳ್ಳು ಬೊಗಳಬೇಡ" ಎಂದೆ.

ನನ್ನ ಮುಖವನ್ನೇ ನೋಡಿದಿರಿ — ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲವೇನೋ. ನಾನು ತಮಾಷೆ ಮಾಡುತ್ತಿರಬಹುದು, ಈಗ ನಿಜ ಹೇಳಿಬಿಡುತ್ತೇನೆ ಎಂದು ಕಾಯುತ್ತಿದ್ದಂತಿತ್ತು. ವಾರದೊಳಗೆ ನಲ್ಲಿ ಬಿಚ್ಚಿಸಿ ಪೈಪಿನ ಬಾಯಿ ಮುಚ್ಚಿಸಿದೆ. ಕೆಲಸ ಕಾಯಂ ಆಯಿತು, ಚನ್ನರಾಯಪಟ್ಟಣಕ್ಕೆ ವರ್ಗವೂ ಆಯಿತು. ಹೊರಡುವ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕಂಡಿರಿ. ಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದಿರಿ. ನಾನು ಮುಖ ತಿರುಗಿಸಿಕೊಂಡೆ.

ಮೊನ್ನೆ ಹಾಸನದ ಬಸ್ ನಿಲ್ದಾಣದಲ್ಲಿ ನಿಮ್ಮ ಕೇರಿಯ ಒಬ್ಬಾಕೆ ಗುರುತು ಹಿಡಿದು ಮಾತಾಡಿಸಿದರು. ಹೊಸದಾಗಿ ದಪ್ಪ ಪೈಪು ಹಾಕಿದ್ದಾರಂತೆ, ಕೇರಿಗೆ ನಲ್ಲಿ ಬಂದಿದೆಯಂತೆ. ನಿಮ್ಮನ್ನು ವಿಚಾರಿಸಿದೆ. "ಅವ್ವ ಚೆನ್ನಾಗದೆ ಸಾ. ಆದ್ರೆ ನಲ್ಲಿ ತಾವ್ಕೆ ಬರಾಕಿಲ್ಲ. ಅವಳಿಂದ್ಲೇ ನಲ್ಲಿ ಓಯ್ತು ಅಂತ ಆವತ್ತು ಎಲ್ರೂ ಅಂದ್ಬುಟ್ವಲ್ಲ" ಎಂದು ನಕ್ಕರು. ನಾನೂ — ನಾನೂ ನಕ್ಕೆ, ಕೆಂಚಮ್ಮನವರೇ. ಅವರ ಬಸ್ಸು ಹೋದ ಮೇಲೆ ನಿಮ್ಮೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಹೊರೆಯನ್ನೂ ನಿಮ್ಮ ತಲೆಗೇ ಏರಿಸಿದಂತಾಗುತ್ತದೆ. ಆದರೆ ಸುಳ್ಳನ್ನು ಕೇರಿಯವರ ಮುಂದೆ ಹೇಳಿ ನಿಜವನ್ನು ಮಾತ್ರ ಕಾಗದದಲ್ಲಿ ಬರೆದು ಮುಗಿಸಲಾರೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಎಲ್ಲರೂ ನೀರಿಗೆ ಕೂಡಿರುವ ಹೊತ್ತು ನಲ್ಲಿಯ ಹತ್ತಿರ ನಿಂತು, ನಿಮ್ಮ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ: ಬಿಟ್ಟಿರು ಎಂದವನು ನಾನೇ.