ಹೆಸರು ಹೊಡೆಸಿದ ಲ್ಯಾಪ್‌ಟಾಪ್

2023ರಲ್ಲಿ ನಾನು ಹಾಸನದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಲ್ಯಾಬಿನ ಅಷ್ಟೂ ಕಂಪ್ಯೂಟರ್‌ಗಳ ಹೊಟ್ಟೆನೋವು ನನ್ನದೇ ಎಂದು ಅರ್ಥ. ಅರಕಲಗೂಡು ತಾಲೂಕಿನ ನಮ್ಮ ಮನೆಗೆ ಪದವಿ ತಂದವರಲ್ಲಿ ನಾನೇ ಮೊದಲು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದಿದ ಪದವಿ ಅದು. ಓದಿಲ್ಲದವರ ಮೇಲೆ ನನಗೆ ತಾತ್ಸಾರವಿಲ್ಲ. ನನ್ನ ಅವ್ವ ಓದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳೆಂದೂ ನಾಚಿದ್ದಿಲ್ಲ. ನನ್ನ ತಾತ್ಸಾರವೇನಿದ್ದರೂ ಸಲಹೆ ಕೇಳಲು ಕರೆದು, ಕಾಫಿ ಕೊಟ್ಟು, ಕೊನೆಗೆ ತಮ್ಮದೇ ಸಾಧಿಸುವವರ ಮೇಲೆ.

ಅಂಥವರೊಬ್ಬರು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯ ರಂಗಸ್ವಾಮಣ್ಣ. ಅಲ್ಲಿನ ಒಂದು ಸಂಘಕ್ಕೆ ಅಧ್ಯಕ್ಷರು. ಸಂಘ ಪ್ರತಿವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತದೆ. ಆ ಸಲ ಆಯ್ಕೆಯಾಗಿದ್ದವಳು ಕಾವ್ಯ: ನುಗ್ಗೇಹಳ್ಳಿ ಕಡೆಯ ಹುಡುಗಿ, ನಮ್ಮ ಕಾಲೇಜಿನಲ್ಲೇ ಸಿವಿಲ್ ಕೊನೆಯ ವರ್ಷ. ಬಹುಮಾನ ಒಂದು ಲ್ಯಾಪ್‌ಟಾಪ್. ಯಾವುದು ಕೊಳ್ಳಬೇಕೆಂದು ಹೇಳಲು ನನ್ನನ್ನು ಕರೆದರು.

ಕಟ್ಟಡಗಳ ತ್ರೀಡಿ ಮಾಡೆಲ್ ಮಾಡುವುದು ಅವಳ ಓದು. ಆ ಸಾಫ್ಟ್‌ವೇರ್‌ಗೆ RAM, ಎಂದರೆ ಕೆಲಸ ನಡೆಯುವಾಗ ಬೇಕಾದ ಮೆಮೊರಿ, ಹೇರಳವಾಗಿರಬೇಕು. ಹಾಸನದ ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡಿದ್ದವು. ಒಂದು i5, 16 GB RAM, ಕಪ್ಪಗೆ ದಪ್ಪಗಿನದು. ಇನ್ನೊಂದು i7, ಆದರೆ ಹಿಂದಿನ ತಲೆಮಾರಿನ ಪ್ರೊಸೆಸರ್. RAM ಎಂಟೇ GB, ಅದೂ ಮದರ್‌ಬೋರ್ಡಿಗೇ ಬೆಸೆದದ್ದು. ಮುಂದೆ ಹೆಚ್ಚಿಸಲು ಜಾಗವೇ ಇಲ್ಲ. ಬಣ್ಣ ಮಾತ್ರ ಚಿನ್ನದ್ದು.

"ಇದೇ ಇರ್ಲಿ ಬುಡಿ," ಎಂದು ರಂಗಸ್ವಾಮಣ್ಣ ಚಿನ್ನದ್ದರ ಮೇಲೆ ಕೈ ಇಟ್ಟರು. "ಐದ್ಕಿಂತ ಏಳು ದೊಡ್ದು ಅಂತ ನಮ್ ಮಂಡಿ ಅಮಾಲಿಗೂ ಗೊತ್ತು ಕಣಮ್ಮ."

ಅವರಿಗೆ ತಿಳಿಯುವ ಹಾಗೆ ಹೇಳಿದೆ: "ಅಣ್ಣಾ, ಪ್ರೊಸೆಸರ್ ಎತ್ತು ಇದ್ದಂಗೆ. RAM ಕಣ ಇದ್ದಂಗೆ. ಏಳು ಜೊತೆ ಎತ್ತು ತಂದು ಮೊರದಗಲ ಕಣಕ್ಕೆ ಬಿಟ್ರೆ ಏನು ತುಳೀತವೆ?"

"ಈಗ್ಯಾರಮ್ಮ ಕಣ ಮಾಡ್ತಾರೆ? ರಾಗಿ, ಉಳ್ಳಿ ಎಲ್ಲಾನೂವೆ ಟಾರ್ ರೋಡಿಗೆ ಆಕ್ತಾರೆ. ಬಸ್ಸೇ ತುಳ್ಕೊಂಡೋಯ್ತದೆ!"

ಜೊತೆಗೆ ಬಂದಿದ್ದ ಸಂಘದ ಕಮಿಟಿಯವರೆಲ್ಲ ನಕ್ಕರು. ನಿಜ ಹೇಳಬೇಕೆಂದರೆ, ತಮಗೆ ತಿಳಿಯದೆಯೇ ಅವರು ಸರಿಯಾದ ಮಾತು ಆಡಿದ್ದರು. RAM ಸಾಲದಾಗ ಲ್ಯಾಪ್‌ಟಾಪ್ ಕೂಡ ಹಾಗೇ ಮಾಡುತ್ತದೆ: ಹಿಡಿಸದ ಮಾಲನ್ನು ಕಣ ಬಿಟ್ಟು ರಸ್ತೆಗೆ, ಎಂದರೆ ಡಿಸ್ಕಿಗೆ, ಹರಡುತ್ತದೆ. ಆಮೇಲೆ ಆ ರಸ್ತೆಯಲ್ಲಿ ಯಾವ ಗಾಡಿಯೂ ಮುಂದೆ ಸಾಗುವುದಿಲ್ಲ. ಇದನ್ನೂ ಹೇಳಿದೆ. ಅಷ್ಟರಲ್ಲಿ ಅವರು ಚಿನ್ನದ್ದನ್ನೇ ಕಟ್ಟಿಸಿಕೊಂಡು ಶಾಲು, ಹಾರಗಳ ಮಾತಿಗೆ ಹೋಗಿದ್ದರು.

ಸಮಾರಂಭದ ದಿನ ಅದಕ್ಕಿಂತ ದೊಡ್ಡ ಘನಕಾರ್ಯ ಕಂಡಿತು. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟರೆ ಬೆಳಕು ಮುಚ್ಚುವಷ್ಟು ದೊಡ್ಡದಾಗಿ ದಾನಿಯ ಹೆಸರು ಬರೆಸುವ ಸೀಮೆ ನಮ್ಮದು. ರಂಗಸ್ವಾಮಣ್ಣ ಲ್ಯಾಪ್‌ಟಾಪನ್ನು ಪಾತ್ರೆ ಅಂಗಡಿಗೆ ಒಯ್ದು, ಬಿಂದಿಗೆಗೆ ಹೊಡೆಸುವಂತೆ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ತಮ್ಮ ಹೆಸರು ಹೊಡೆಸಿದ್ದರು. ಕೆಳಗೆ 'ದಾನಿಗಳು' ಎಂದೂ ಇತ್ತು, ಯಾರಿಗಾದರೂ ಅನುಮಾನ ಬಂದೀತೆಂದು.

ನಾಲ್ಕೇ ದಿನಕ್ಕೆ ಕಾವ್ಯ ನನ್ನ ಕೋಣೆಗೆ ಬಂದಳು. ಕಟ್ಟಡ ವಿನ್ಯಾಸದ ಒಂದು ಕಂಪನಿ ಮರುವಾರ ಕಾಲೇಜಿಗೆ ಬರುವುದಿತ್ತು. ಅಭ್ಯರ್ಥಿಗಳು ಸ್ವಂತ ಲ್ಯಾಪ್‌ಟಾಪ್ ತಂದು, ತಮ್ಮ ಪ್ರಾಜೆಕ್ಟಿನ ಮಾಡೆಲ್ ತೆರೆದು, ಕೇಳಿದ ಬದಲಾವಣೆಯನ್ನು ಅವರೆದುರೇ ಮಾಡಿ ತೋರಿಸಬೇಕು. ಅವಳ ಪ್ರಾಜೆಕ್ಟು ಮೂರು ಮಹಡಿಯ ಹಾಸ್ಟೆಲ್ ಕಟ್ಟಡ.

"ಲ್ಯಾಬಲ್ಲಿ ಚೆನ್ನಾಗಿ ಓಡ್ತದೆ ಮೇಡಂ. ಇದ್ರಲ್ಲಿ ಎರಡನೇ ಮಹಡಿಗೆ ಓಗೋ ಅಷ್ಟೊತ್ಗೆ ನಿಂತೋಯ್ತದೆ. ಈ ಕೆಲ್ಸ ಸಿಗ್ದಿದ್ರೆ ಮನೇಲಿ ಮದ್ವೆ ಅಂತವ್ರೆ."

ತೆರೆದು ನೋಡಿದೆ. ಮೆಮೊರಿ ಪೂರ್ತಿ ತುಂಬಿತ್ತು. i7 ಪ್ರೊಸೆಸರ್ ಕೈಕಟ್ಟಿ ಕೂತಿತ್ತು. ಅವಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ವಾರದೊಳಗಾದರೆ ಬದಲಾಯಿಸಿ ಕೊಡುವ ಪದ್ಧತಿ ಅವರಲ್ಲಿತ್ತು. ಅಂಗಡಿಯವನು ಮುಚ್ಚಳ ನೋಡಿ ಕೈ ಮುಗಿದ.

"ಎಸ್ರು ಒಡ್ಸಿರೋದ್ನ ಇನ್ನ್ಯಾರ್ಗೆ ಮಾರಾಣ ಮೇಡಂ? ಇವ್ರೆಸ್ರಿರೋ ಇನ್ನೊಬ್ರುನ್ನ ಉಡುಕ್ಬೇಕಾಯ್ತದೆ."

ಹುಡುಕುವ ಅಗತ್ಯವಿರಲಿಲ್ಲ. ಆ ಹೆಸರಿನವರು ಯಾರೆಂದು ನನಗೆ ಗೊತ್ತಿತ್ತು. ನೇರವಾಗಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು.

ಮಂಡಿಯಲ್ಲಿ ರಂಗಸ್ವಾಮಣ್ಣ ರೈತರ ನಡುವೆ ಕೂತಿದ್ದರು. ವಿಷಯ ಕೇಳಿ ಮುಖ ಗಂಟಿಕ್ಕಿದರು. "ಸ್ಟೇಜ್ ಮ್ಯಾಲೆ ಕೊಟ್ಟಿದ್ನ ವಾಪಸ್ ತಕ್ಕಳಾಕೆ ಆಯ್ತದಾ? ನನ್ ಮರ್ವಾದೆ ಏನಾಗ್ಬೇಕು?"

ಅವರ ಮರ್ಯಾದೆಯ ಬಗ್ಗೆಯೇ ಮಾತಾಡಲು ಬಂದಿದ್ದೆ. ಕಾವ್ಯಳನ್ನು ಅವರೆದುರಿನ ಕುರ್ಚಿಯಲ್ಲಿ ಕೂರಿಸಿ ಮಾಡೆಲ್ ತೆರೆಯಲು ಹೇಳಿದೆ. ಪರದೆ ಅವಳ ಕಡೆ, ಮುಚ್ಚಳ ಅವರ ಕಡೆ. ಕಟ್ಟಡ ಎರಡನೇ ಮಹಡಿಯವರೆಗೆ ಬಂದು ನಿಂತಿತು. ಕಾದೆವು. ಒಬ್ಬ ರೈತ ತನ್ನ ಕೊಬ್ಬರಿ ತೂಗಿಸಿ ಬಂದ. ಅದು ಅಲ್ಲೇ ಇತ್ತು.

"ಅಣ್ಣಾ," ಎಂದೆ, "ಇಂಟರ್‌ವ್ಯೂನಲ್ಲಿ ಇವಳು ಹಿಂಗೇ ಕೂತಿರ್ತಾಳೆ. ಕಂಪನಿಯವರು ನೀವು ಕೂತಂಗೆ ಎದುರಿಗೆ ಕೂತಿರ್ತಾರೆ. ಕೆಲಸ ನಿಂತಾಗ ಅವರ ಕಣ್ಣಿಗೆ ಬೀಳೋದು ಯಾರ ಹೆಸರು? ನೀವೇ ಓದಿ."

ಅವರು ಓದಿದರು. ತೂಗಿಸಿ ಬಂದ ರೈತನೂ ಗಟ್ಟಿಯಾಗಿ ಓದಿ, "ಅಣ್ಣೋ, ನಿಂದೇ ಕಣಣ್ಣೋ!" ಎಂದ.

ರಂಗಸ್ವಾಮಣ್ಣ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿ ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡರು. "ನಮ್ ಬಿಲ್ಲಿಂಗ್‌ಗಾಯ್ತದೆ," ಎಂದರು. ಮಂಡಿಯ ಬಿಲ್ಲಿಗೆ ಆ ಎಂಟು GB ಧಾರಾಳವಾಗಿ ಸಾಕಿತ್ತು. ಕಪ್ಪಗಿನದಕ್ಕೆ ಅವರೇ ದುಡ್ಡು ಕೊಟ್ಟರು. ಸಂಜೆಯೊಳಗೆ ಅದು ಕಾವ್ಯಳ ಕೈಯಲ್ಲಿತ್ತು. ಅದರ ಮೇಲೂ ಹೆಸರು ಹೊಡೆಸುವ ಮಾತೆತ್ತಿದರು. ಮೊದಲು ಕೆಲಸ ಸಿಗಲಿ ಎಂದೆ.

ಸಿಕ್ಕಿತು. ಮೂರನೇ ಮಹಡಿಯ ಮೆಟ್ಟಿಲನ್ನು ಎಡದಿಂದ ಬಲಕ್ಕೆ ಸರಿಸಲು ಹೇಳಿದರಂತೆ. ಮಾತು ಮುಗಿಯುವಷ್ಟರಲ್ಲಿ ಸರಿಸಿದಳಂತೆ. ಸುದ್ದಿ ತಿಳಿದ ರಂಗಸ್ವಾಮಣ್ಣ ಮಂಡಿಗೆ ಬಂದವರಿಗೆಲ್ಲ "ಅದ್ನ ಆರ್ಸಿದ್ದು ನಾನೇ ಕಣ್ಲಾ, ಅದಿನಾರು ಜೀಬಿ!" ಎಂದು ಹೇಳುತ್ತಿದ್ದರೆಂದು ಕೇಳಿದೆ. ಹೇಳಿಕೊಳ್ಳಲಿ. ಅಂಥವರು ಕಲಿಯುವುದು ಅಷ್ಟೇ.

ಆಮೇಲೆ ಯಾರೇ ಬಂದು ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಎಂದರೂ, ಮೊದಲು ಅದರಲ್ಲಿ ಕೆಲಸ ಮಾಡುವವರನ್ನು ಕರೆತನ್ನಿ ಎನ್ನುತ್ತೇನೆ. ಲ್ಯಾಪ್‌ಟಾಪಿಗೆ ಎರಡು ಮಗ್ಗುಲು. ಒಂದು ಎದುರು ಕೂತವರು ನೋಡುವುದು, ಇನ್ನೊಂದು ದುಡಿಯುವವರು ನೋಡುವುದು. ಕೊಳ್ಳುವಾಗ ದುಡಿಯುವವರ ಮಗ್ಗುಲಿಗೆ ಬಂದು ಕೂರಬೇಕು. ಅಷ್ಟೂ ಆಗದವರು ಬಿಂದಿಗೆಯನ್ನೇ ದಾನ ಮಾಡಲಿ.